ಒಂದು ಅಕ್ಷರಕ್ಕೆ ಎಂಟು ಎಣಿಕೆ

ಬೀದಿಯವರೆಲ್ಲ ಅವಳನ್ನು ಕನ್ನಡಕದಕ್ಕ ಎಂದೇ ಕರೆಯುವುದು. ವಾರವೆಲ್ಲ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಾಳೆ, ಶನಿವಾರ ಸಂಜೆ ಅಂಗಡಿಗೆ ಬೀಗ ಜಡಿದು ತನ್ನ ಅಸಲಿ ಹುಚ್ಚಿಗೆ ಹೊರಡುತ್ತಾಳೆ. ಐದಾರು ನೂರು ವರ್ಷಗಳ ಹಿಂದೆ ಪಶ್ಚಿಮ ದೇಶಗಳ ಅರಮನೆ, ಚರ್ಚುಗಳಲ್ಲಿ ಹಾಡುತ್ತಿದ್ದಂತೆ ನಾಲ್ಕು ದನಿಗಳನ್ನು ಒಂದಕ್ಕೊಂದು ಹೆಣೆದು ಹಾಡುವ ಹುಚ್ಚು ಅದು. ಜೊತೆಗೆ ಲಾರಿ ಓಡಿಸುವ ತಮ್ಮ, ಹೊಲಿಗೆ ಅಂಗಡಿ ನಡೆಸುವ ಅಕ್ಕ ತಂಗಿಯರಿಬ್ಬರು. ಹನ್ನೆರಡು ವರ್ಷಗಳಿಂದ ಈ ನಾಲ್ವರು ಲೈಬ್ರರಿಯ ಮಹಡಿಯ ಕೋಣೆಯಲ್ಲಿ ಹಾಡುತ್ತಿದ್ದಾರೆ, ಖಾಲಿ ಕುರ್ಚಿಗಳು ಕೇಳುತ್ತಿವೆ.

ಲೈಬ್ರರಿಯನ್ ಕಟ್ಟುನಿಟ್ಟಿನ ಆಸಾಮಿ. ಪ್ರತಿ ಶನಿವಾರ ಎಂಟು ಗಂಟೆಗೆ ಬಂದು ತಲೆ ಎಣಿಸಿ ‘ಕೇಳುಗರು’ ಎಂಬ ಕಾಲಮ್ಮಿನಲ್ಲಿ ಬರೆಯುತ್ತಾನೆ. ಒಂದು ದಿನ ಆ ರಿಜಿಸ್ಟರನ್ನೇ ಅವಳ ಮುಂದೆ ಹಿಡಿದು, ಮುಂದಿನ ವಾರ ಇಪ್ಪತ್ತು ಜನ ಕೇಳುಗರಿಲ್ಲದಿದ್ದರೆ ಕೋಣೆಯನ್ನು ವ್ಯಾಯಾಮದ ಕ್ಲಾಸಿಗೆ ಕೊಡುವುದಾಗಿ ಹೇಳಿದ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹಾಡಿದ ದನಿ ಒಂದು ಗಳಿಗೆ ಮೇಲೆಯೇ ನಿಲ್ಲುವಂಥ ಎತ್ತರದ ಕೋಣೆ ಊರಿಗೆಲ್ಲ ಅದೊಂದೇ.

ಉಪಾಯ ತಮ್ಮನದು. ಆಗ ಎಲ್ಲರ ಫೋನಿನಲ್ಲೂ ‘ಚಾರ್ಜಿಲ್ಲ ಕಣೇ ಹೃದಯಕ್ಕೆ’ ಎಂಬ ಹಾಡು ಅರಚಿಕೊಳ್ಳುತ್ತಿತ್ತು. ಅದನ್ನೇ ಹಳೆ ಕಾಲದ ಶೈಲಿಗೆ ತಿರುಗಿಸಿ ಹಾಡಿದರೆ ಜನ ತಾವಾಗಿ ಬರುತ್ತಾರೆ ಎಂದ. ಅವಳು ಹಲ್ಲು ಕಚ್ಚಿಕೊಂಡು ಒಪ್ಪಿದಳು.

ಬುದ್ಧಿ ಇದ್ದವರು ಧಾಟಿಯನ್ನು ಎಲ್ಲರಿಗೂ ಕೇಳುವಂತೆ ಮೇಲಿನ ದನಿಗೆ ಕೊಡುತ್ತಿದ್ದರು. ಇವಳು ಕೊಡುವವಳೇ? ಆ ಕಾಲದ ಕಟ್ಟಳೆ ಬೇರೆ. ಜನಪ್ರಿಯ ಧಾಟಿಯನ್ನು ಕೆಳಗಿನ ದನಿಗೆ ಕೊಟ್ಟು, ಒಂದೊಂದು ಅಕ್ಷರವನ್ನೂ ಎಂಟು ಎಣಿಕೆಯಷ್ಟು ಎಳೆಯಬೇಕು. ಉಳಿದ ದನಿಗಳು ಅದರ ಮೇಲೆ ಬೇರೇನನ್ನೋ ನೇಯಬೇಕು. ಹಾಗೆ ಹಾಡಿದರೆ ಇದು ಆ ಹಾಡು ಅಂತ ಯಾರಿಗೆ ಗೊತ್ತಾಗುತ್ತದೆ ಎಂದು ತಮ್ಮ ಕೇಳಿದ್ದಕ್ಕೆ, ಕಿವಿ ಇರುವುದು ಮತ್ತೇತಕ್ಕೆ ಎಂದು ಅವನ ಬಾಯಿ ಮುಚ್ಚಿಸಿದಳು.

ಶನಿವಾರ ನಲವತ್ತು ಜನ ಬಂದರು. ತಮ್ಮ ‘ಚಾ’ ಎಂದು ಹಿಡಿದವನು ಮುಖ ಕೆಂಪಾಗುವವರೆಗೂ ಬಿಡಲಿಲ್ಲ. ಹಾಡು ಮುಗಿಯಿತು. ಚಪ್ಪಾಳೆ ಇಲ್ಲ. ಮುಂದಿನ ಸಾಲಿನ ಒಬ್ಬಾಕೆ ಬಹಳ ಮರ್ಯಾದೆಯಿಂದ, ಆ ಹಾಡು ಯಾವಾಗ ಶುರುವಾಗುತ್ತದೆ ಎಂದು ವಿಚಾರಿಸಿದಳು. ಹಿಂದಿನವರು ಚಪ್ಪಲಿ ಹುಡುಕತೊಡಗಿದರು. ಎಂಟಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು.

ಕನ್ನಡಕದಕ್ಕನ ತಾಳ್ಮೆ ಅಲ್ಲಿಗೆ ಮುಗಿಯಿತು. ಮೇಜು ಗುದ್ದಿದಳು.

“ಕೂತ್ಕೊಳ್ಳಿ ಎಲ್ರೂ. ಇಷ್ಟೊತ್ತು ಕೇಳಿದ್ದು ಅದೇ ಹಾಡು. ನಂಬಿಕೆ ಇಲ್ದಿದ್ರೆ ನೀವೇ ಹಾಡಿ ನೋಡಿ. ನಾನು ಕೈ ಎತ್ತೋವರೆಗೂ ಒಂದೇ ಅಕ್ಷರ. ಮಧ್ಯದಲ್ಲಿ ಬಿಟ್ರೆ ಸುಮ್ನಿರಲ್ಲ.”

ಹೆದರಿಯೋ ಏನೋ, ಹಾಡಿದರು. ‘ಜಿ’ಗೆ ಬರುವಷ್ಟರಲ್ಲಿ ಅರ್ಧ ಜನಕ್ಕೆ ಉಸಿರು ಕಟ್ಟಿತು, ಇಬ್ಬರು ಕೆಮ್ಮಿದರು, ನಗು ಬಂತು. ಅವಳು ಬೈದು ಮತ್ತೆ ಮೊದಲಿನಿಂದ ಹಿಡಿಸಿದಳು. ಮೂರನೆಯ ಸಲಕ್ಕೆ ನಗು ನಿಂತಿತು. ತಾವು ಹಿಡಿದು ನಿಂತ ಅಕ್ಷರದ ಮೇಲೆ ಅಕ್ಕ ತಂಗಿಯರ ದನಿ ಓಡಾಡುವುದು ಅವರಿಗೆ ಈಗ ಕೇಳಿಸುತ್ತಿತ್ತು. ತನ್ನ ಹಾಡಿನ ಕೆಳಗೆ ನಲವತ್ತು ಗಂಟಲು ನಿಂತದ್ದನ್ನು ಅವಳು ಜೀವಮಾನದಲ್ಲಿ ಕಂಡಿರಲಿಲ್ಲ. ಕಣ್ಣು ಒದ್ದೆಯಾಯಿತು, ಅದಕ್ಕೂ ಅವಳಿಗೆ ಸಿಟ್ಟು ಬಂತು.

ಎಂಟಾಯಿತು. ಆಗಲೇ ಬಂದು ಬಾಗಿಲಿಗೊರಗಿದ್ದ ಲೈಬ್ರರಿಯನ್ ಕಂಕುಳಿನಿಂದ ರಿಜಿಸ್ಟರ್ ತೆಗೆದ. ಕೋಣೆಯನ್ನೊಮ್ಮೆ ನೋಡಿದ, ಪೆನ್ನು ಬಿಚ್ಚಿದ, ಸೊನ್ನೆ ಬರೆದ.

“ಏನ್ ಸಾರ್ ಇದು? ಕೋಣೆ ತುಂಬ ಜನ ಇದಾರಲ್ಲ.”

“ಇದಾರೆ ಮೇಡಂ. ಎಲ್ರೂ ಹಾಡ್ತಾ ಇದ್ರು. ಕಾಲಮ್ಮಲ್ಲಿರೋದು ಕೇಳುಗರು ಅಂತ. ಉಳಿದವನು ನಾನೊಬ್ಬ, ನಾನೂ ಹಾಡ್ಬಿಟ್ಟೆ.”

ರಿಜಿಸ್ಟರನ್ನು ಕಿತ್ತು ಕಿಟಕಿಯಾಚೆ ಎಸೆಯಬೇಕೆನಿಸಿತು ಅವಳಿಗೆ. ಹನ್ನೆರಡು ವರ್ಷ ಕಾಪಾಡಿಕೊಂಡು ಬಂದ ಕೋಣೆ ಹೋಯಿತು, ಅದೂ ಅದು ಮೊದಲ ಸಲ ತುಂಬಿದ ದಿನ. ಹಾಡಿನ ಹಾಳೆಗಳನ್ನು ಒಟ್ಟುಮಾಡತೊಡಗಿದಳು. ಜನ ಇಳಿದು ಹೋದರೂ ಆ ಮನುಷ್ಯ ಬಾಗಿಲು ಬಿಟ್ಟು ಕದಲಲಿಲ್ಲ.

“ಕೋಣೆ ವಿಷಯ ಮುಗೀತು, ಅದರಲ್ಲಿ ಮಾತಿಲ್ಲ,” ಎಂದ. “ಮುಂದಿನ ಶನಿವಾರ ಎಲ್ಲಿ ಸೇರ್ತೀರಿ, ಅದನ್ನ ಹೇಳಿ. ಆ ‘ಹೃ’ ಬರೋ ಕಡೆ ನಂಗೆ ಉಸಿರು ಸಾಲ್ತಿಲ್ಲ.”