ಬಂಡ್ರಿ ಮೇಲಿಂದ ಹೋಗೋಣ ಅಂದಿದ್ದಳು

ಒಂದು ಪಂಚಮಿ ಹಬ್ಬಕ್ಕೆ ನಾನು ತೆತ್ತದ್ದು ಎಷ್ಟು ಅಂದರೆ, ಇದ್ದ ಒಬ್ಬ ತಂಗಿ ಅದಾಗಿ ಏಳು ವರ್ಷವಾದರೂ ನನ್ನ ಮನೆಯ ಹೊಸ್ತಿಲು ದಾಟಿಲ್ಲ. ಜಗಳವಾಗಿಲ್ಲ, ಆಸ್ತಿಯ ತಕರಾರಿಲ್ಲ. ಫೋನ್ ಮಾಡಿದರೆ ಎತ್ತುತ್ತಾಳೆ, ಊಟ ಆಯ್ತೇನು ಅಂತ ಕೇಳುತ್ತಾಳೆ. ಮನೆಗೆ ಮಾತ್ರ ಬರುವುದಿಲ್ಲ. ಅವಳ ಮನಸ್ಸಿನಲ್ಲಿ ಕೂತ ಅಂಜಿಕೆಯನ್ನು ಒಂದೇ ಮಧ್ಯಾಹ್ನದಲ್ಲಿ ಬಿಡಿಸುತ್ತೇನೆ ಅಂತ ಹೊರಟಿದ್ದೆ ನೋಡಿ, ಅದಕ್ಕೆ.

ನಾನು ಕಂಪ್ಲಿಯವನು, ಎತ್ತಿನ ದಲ್ಲಾಳಿ. ಓದಿದ್ದು ಏಳನೇ ಕ್ಲಾಸು. ಕಂಡವರ ಎತ್ತು ಮೇಯಿಸಿ, ಆಮೇಲೆ ಸಂತೆಯಲ್ಲಿ ಹಗ್ಗ ಹಿಡಿದು ನಿಂತು, ನನ್ನ ಕಸುಬು ನಾನೇ ಕಲಿತವನು. ಹಳೆ ದಲ್ಲಾಳಿಗಳಾದ ನಾವು ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರ ಕೈ ಮೇಲೆ ಒಂದು ಟವೆಲ್ ಹಾಕಿ, ಅದರೊಳಗೆ ಬೆರಳು ಹಿಡಿದು ತಿಳಿಸುತ್ತೇವೆ. ಎದುರಿನವನು ಮುಖದಲ್ಲಿ ಎಷ್ಟೇ ನಗಲಿ, ಕೈ ಎಲ್ಲವನ್ನೂ ಬಿಟ್ಟುಕೊಡುತ್ತದೆ. ಬೆವರಿದ್ದರೆ ಮಾರುವ ಅವಸರ, ಬಿಗಿಯಾಗಿದ್ದರೆ ಎತ್ತಿಗೆ ಏನೋ ಐಬು. ಮಾತು ಕುದುರಿ ಒಮ್ಮೆ ಕೈ ಒತ್ತಿಬಿಟ್ಟರೆ ಮುಗಿಯಿತು, ಮರುದಿನ ಎತ್ತು ಕುಂಟಿದರೂ ಹಿಂದೆ ಸರಿಯುವಂತಿಲ್ಲ. ಮೂವತ್ತು ವರ್ಷದಲ್ಲಿ ಗುರುತು ಪರಿಚಯ ಇಲ್ಲದವರಿಗೂ ನಾನು ಹಾಗೆ ಒತ್ತಿದ ಕೈಗೆ ತಪ್ಪಿ ನಡೆದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆ ಅಂತ ಹೇಳುತ್ತಿದ್ದೇನೆ.

ತಂಗಿಯನ್ನು ಕೊಟ್ಟದ್ದು ಸಂಡೂರಿನ ಹತ್ತಿರದ ಯಶವಂತನಗರಕ್ಕೆ. ಗಂಡ ಗಣಿಯಲ್ಲಿ ಕೆಲಸಗಾರ, ಅವಳು ಮನೆಯಲ್ಲೇ ಹೊಲಿಗೆ ಹಾಕುತ್ತಾಳೆ. ಒಂದು ದಿನ ಮಷಿನ್ನಿನ ಸಾಮಾನು ತರಲು ಹೊಸಪೇಟೆಗೆ ಬಸ್ಸು ಹತ್ತಿದ್ದಾಳೆ. ಸಂಡೂರು ದಾಟಿ ಗುಡ್ಡ ಇಳಿಯುವ ತಿರುವಿನಲ್ಲಿ ಎದುರಿಗೆ ಬಂದ ಅದಿರಿನ ಲಾರಿ ಬಸ್ಸಿನ ಮೇಲೆ ವಾಲಿತು. ಕಿಟಕಿ ಒಡೆದು ಕೆಂಪು ಅದಿರು ಒಳಗೆ ಸುರಿಯಿತು. ಇವಳು ಸೊಂಟದ ತನಕ ಹೂತುಹೋಗಿದ್ದಳು. ಪಕ್ಕದ ಸೀಟಿನ ಮುದುಕಿ ಇವಳ ಕೈ ಹಿಡಿದುಕೊಂಡೇ ಪ್ರಾಣ ಬಿಟ್ಟಳು. ಜನ ಬಂದು ಅದಿರು ಬಗೆದು ತೆಗೆಯುವ ತನಕ ಆ ಕೈ ಇವಳ ಕೈಯಲ್ಲೇ ಇತ್ತು.

ಮೈಮೇಲೆ ಒಂದು ಗೀರು ಕೂಡ ಇರಲಿಲ್ಲ. ಅದೇ ಅವಳ ದುರದೃಷ್ಟ ಅಂತ ಈಗ ಅನ್ನಿಸುತ್ತದೆ. ಕಾಲು ಮುರಿದವರಿಗೆ ಎಳನೀರು ತಂದುಕೊಟ್ಟ ಜನವೇ ಇವಳಿಗೆ "ಏನೂ ಆಗಿಲ್ಲಲ್ಲ, ಪುಣ್ಯ ಮಾಡೀ" ಅಂದು ಎದ್ದು ಹೋದರು. ಏನೂ ಆಗದವಳು ಅಲ್ಲಿಂದ ಮುಂದೆ ಬಸ್ಸಿನ ಹಾರ್ನ್ ಕೇಳಿದರೆ ಹೊಲಿಯುತ್ತಿದ್ದ ಬಟ್ಟೆ ಬಿಟ್ಟು ಎದ್ದುಬಿಡುತ್ತಿದ್ದಳು. ಅಂಗಳದ ಕೆಂಪು ಧೂಳನ್ನು ದಿನಕ್ಕೆ ನಾಲ್ಕು ಸಲ ತೊಳೆಯುತ್ತಿದ್ದಳು. ಗಣಿಯ ಊರಿನಲ್ಲಿ ಆ ಧೂಳು ಮುಗಿಯುವುದುಂಟೇ? ಅವಳ ಅತ್ತೆ ಬೆಚ್ಚಿದ್ದು ಬಿಡಲಿ ಅಂತ ಕಾಸಿದ ಕಬ್ಬಿಣ ಅದ್ದಿದ ನೀರು ಕುಡಿಸಿದರು, ನಾನು ತಾಯತ ಕಟ್ಟಿಸಿದೆ. ಎರಡೂ ನಾಟಲಿಲ್ಲ.

ಆ ವರ್ಷ ಪಂಚಮಿಗೆ ಅವಳು ಬರಲಿಲ್ಲ. ಮರುವರ್ಷವೂ ಇಲ್ಲ. ನಮ್ಮ ಕಡೆ ಪಂಚಮಿ ಅಂದರೆ ಕೊಟ್ಟ ಹೆಣ್ಣು ತವರಿಗೆ ಬರಬೇಕು, ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು. ಬರಲಿಲ್ಲ ಅಂದರೆ ಓಣಿಗೆ ಬಾಯಿ ಬರುತ್ತದೆ. ಎದುರು ಮನೆಯ ಅಜ್ಜಿ ಕಟ್ಟೆ ಮೇಲೆ ಕೂತು ಕೇಳೇಬಿಟ್ಟಳು: "ಏನಪಾ, ಊರ ಎತ್ತೆಲ್ಲಾ ನಿನ್ನ ಮಾತು ಕೇಳ್ತಾವ, ಬೆನ್ನಿಗೆ ಬಿದ್ದ ತಂಗಿ ಕೇಳವಲ್ಲಳೇನು?"

ನಗುತ್ತಾ ಒಳಗೆ ಬಂದೆ. ಆದರೆ ಮಾತು ಚುಚ್ಚಿತು. ನಿಜ ಹೇಳಬೇಕೆಂದರೆ, ತಂಗಿಯ ಸಂಕಟಕ್ಕಿಂತ ಅಜ್ಜಿಯ ಮಾತೇ ಹೆಚ್ಚು ಚುಚ್ಚಿತು.

ಮೂರನೇ ವರ್ಷ ನಾನೇ ಕಾರು ತೆಗೆದುಕೊಂಡು ಯಶವಂತನಗರಕ್ಕೆ ಹೋದೆ. ಅಣ್ಣ ಕರೆಯಲು ಬಾಗಿಲಿಗೆ ಬಂದು ನಿಂತರೆ ತಂಗಿ ಒಲ್ಲೆ ಅನ್ನುವಂತಿಲ್ಲ. ಅದು ಗೊತ್ತಿದ್ದೇ ಹೋಗಿದ್ದೆ.

"ಬಸ್ಸಲ್ಲಬೇ, ನಮ್ಮ ಕಾರು. ಮುಂದಿನ ಸೀಟಿನಾಗ ರಾಣಿ ಹಂಗ ಕುಂದ್ರು" ಅಂದೆ.

"ಹಾದಿ ಅದ ಐತಲ್ಲ ಅಣ್ಣ."

"ಕಣ್ಣ ಮುಚ್ಚಿಕೊಂಡು ಕುಂದ್ರು. ಕಣ್ಣ ತಗಿಯೂದ್ರಾಗ ಕಂಪ್ಲಿ."

"ಆ ಹಾದಿ ಬ್ಯಾಡ. ಬಂಡ್ರಿ ಮ್ಯಾಲಿಂದ ಕೂಡ್ಲಿಗಿಗೆ ಹೋಗಿ ಸುತ್ತಿ ಹೋಗೂಣು. ಹಂಗಾದ್ರ ಬರ್ತೀನಿ."

"ಭಾಳ ಸುತ್ತಾಗತೈತಿ ಲೇ."

"ಸುತ್ತಾದ್ರ ಆಗವಲ್ದ್ಯಾಕ. ಮಾತು ಕೊಡು."

ಕೈ ಮುಂದೆ ಚಾಚಿದಳು. ನಾನು ಹಿಡಿದು ಒತ್ತಿದೆ. ಅವಳ ಅಂಗೈ ಐಸಿನ ಹಾಗೆ ತಣ್ಣಗಿತ್ತು, ಬೆವರಿನಿಂದ ಜಾರುತ್ತಿತ್ತು. ಯಾರ ಕೈಯನ್ನಾದರೂ ಓದುವ ನಾನು ಆ ಕೈಯನ್ನು ಓದಲಿಲ್ಲ. 'ಒಪ್ಪಿದಳಲ್ಲ, ಗಿರಾಕಿ ಕುದುರಿತು' ಅಂದುಕೊಂಡೆ.

ಹೊಸ ಎತ್ತು ಸೇತುವೆ ಕಂಡು ಹೆದರಿ ನಿಂತರೆ ನಾವೊಂದು ಉಪಾಯ ಮಾಡುತ್ತೇವೆ. ಕಣ್ಣಿಗೆ ಟವೆಲ್ ಕಟ್ಟಿ, ಮೂಗುದಾರ ಹಿಡಿದು ದಾಟಿಸಿ, ಆಚೆ ಕಡೆ ಬಿಚ್ಚುತ್ತೇವೆ. ಎರಡು ಮೂರು ಸಲ ಹೀಗೆ ದಾಟಿಸಿದರೆ ಆಮೇಲೆ ಅದು ತಾನೇ ದಾಟುತ್ತದೆ. ನನ್ನ ತಲೆಯಲ್ಲಿ ಇದ್ದದ್ದು ಅದೇ. ಸಂಡೂರಿನಲ್ಲಿ ಪೆಟ್ರೋಲ್ ಹಾಕಿಸಿ ವಾಪಸ್ ಬಂಡ್ರಿ ಕಡೆಗೆ ತಿರುಗೋಣ ಅಂತ ಸುಳ್ಳು ಹೇಳಿದೆ. ಬಂಕಿನಿಂದ ಹೊರಟವನು ತಿರುಗಿಸಲಿಲ್ಲ. ಅವಳ ಮಕ್ಕಳ ಓದು, ಬ್ಲೌಸಿನ ಹೊಲಿಗೆ, ಏನೇನೋ ಮಾತು ತೆಗೆದೆ. ಮಾತನ್ನೇ ಟವೆಲ್ಲಿನ ಹಾಗೆ ಅವಳ ಕಣ್ಣಿಗೆ ಕಟ್ಟಿದೆ.

ಅವಳಿಗೆ ಗೊತ್ತಾಗುವಷ್ಟರಲ್ಲಿ ಗುಡ್ಡ ಬಂದಿತ್ತು. ಸರಿಯಾಗಿ ಆ ತಿರುವಿನಲ್ಲಿ ಕಾರು ಪಕ್ಕಕ್ಕೆ ಹಾಕಿ, "ನೋಡು, ಏನೈತಿ ಇಲ್ಲಿ? ಬರೇ ರಸ್ತೆ" ಅಂದೆ.

ಕಿರುಚುತ್ತಾಳೆ ಅಂದುಕೊಂಡಿದ್ದೆ. ಕಿರುಚಿದ್ದರೆ ಒಳ್ಳೆಯದಿತ್ತು. ಉಸಿರು ಒಳಗೆ ಎಳೆದುಕೊಂಡವಳು ಹೊರಗೆ ಬಿಡಲೇ ಇಲ್ಲ. ಬೆರಳುಗಳು ಕೊಕ್ಕೆಯ ಹಾಗೆ ಸೊಟ್ಟಗಾದವು. ಹಬ್ಬದ ಸೀರೆಯಲ್ಲೇ ಉಚ್ಚೆ ಹೋಯಿತು. ಸಣ್ಣ ಹುಡುಗಿಯ ದನಿಯಲ್ಲಿ "ಅಣ್ಣಾ, ಬಾಗಲ ತಗಿ" ಅಂದಳು. ಬಾಗಿಲು ಲಾಕ್ ಆಗಿತ್ತು.

"ಎರಡ ನಿಮಿಷ ಸುಮ್ನ ಕುಂದ್ರು. ಹೋಗತೈತಿ" ಅಂದೆ.

ಅಷ್ಟರಲ್ಲಿ ಅದಿರಿನ ಲಾರಿಯೊಂದು ಹಾರ್ನ್ ಹೊಡೆದು ಪಕ್ಕದಲ್ಲೇ ಹಾದುಹೋಯಿತು. ಅವಳು ಹಣೆಯನ್ನು ಗಾಜಿಗೆ ಚಚ್ಚಿಕೊಳ್ಳತೊಡಗಿದಳು. ಆಗ ಲಾಕ್ ತೆಗೆದೆ.

ಇಳಿದವಳು ಸಂಡೂರಿನ ಕಡೆಗೆ ನಡೆಯತೊಡಗಿದಳು. ಚಪ್ಪಲಿ ಕಾರಿನಲ್ಲೇ ಉಳಿದಿತ್ತು. ನಾನು ಕಾರು ತಿರುಗಿಸಿ, ಅವಳ ಹೆಜ್ಜೆಗೆ ಹೆಜ್ಜೆಯಾಗಿ ಹಿಂದೆ ಓಡಿಸುತ್ತಾ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕರೆದೆ: "ತಪ್ಪಾತು, ಹತ್ತಬೇ. ಬಂಡ್ರಿ ಮ್ಯಾಲಿಂದನ ಹೋಗೂಣು." ಅವಳು ತಿರುಗಿ ನೋಡಲಿಲ್ಲ. ಎದುರಿನಿಂದ ಬರುವವರು ಮದುವೆ ಮೆರವಣಿಗೆ ನೋಡಿದ ಹಾಗೆ ನೋಡಿಕೊಂಡು ಹೋಗುತ್ತಿದ್ದರು. ಗಂಡನಿಗೆ ಫೋನ್ ಮಾಡಿದೆ. ಅವನು ಗಣಿಯಿಂದ ನೇರ ಬೈಕಿನಲ್ಲಿ ಬಂದು, ಅವಳನ್ನು ಹಿಂದೆ ಕೂರಿಸಿಕೊಂಡ. ಅವನು ಮೊದಲೇ ಮಿತಭಾಷಿ.

"ಭಾವಾ, ನಿಮಗ ಎತ್ತು ಗೊತ್ತು. ಈಕಿನ್ನ ಬಿಟ್ಟಬಿಡ್ರಿ" ಅಂದ. ಅಷ್ಟೇ.

ಹಬ್ಬಕ್ಕೆ ಕಟ್ಟಿಸಿದ್ದ ಜೋಕಾಲಿ ಮನೆಯಲ್ಲಿ ಖಾಲಿ ತೂಗುತ್ತಿತ್ತು. ನಾನೇ ಹಗ್ಗ ಬಿಚ್ಚಿದೆ.

ಆಮೇಲೆ ಗಂಡ ಅವಳನ್ನು ಸಂಡೂರಿನ ಸರ್ಕಾರಿ ಆಸ್ಪತ್ರೆಗೆ ವಾರಕ್ಕೊಮ್ಮೆ ಬರುತ್ತಿದ್ದ ಮಾನಸಿಕ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ. ತಾಯತ ಕಟ್ಟಿಸುವ ಮೊದಲೇ ಆಗಬೇಕಿದ್ದ ಕೆಲಸ. ಒಂದು ಸಲ ನಾನೂ ಹೋಗಿ ಕೂತೆ. ಬಾಯಿ ಸುಮ್ಮನಿರಬೇಕಲ್ಲ.

"ಎಷ್ಟ ದಿನದಾಗ ಸರಿ ಆಗ್ತಾಳ್ರಿ ಮೇಡಂ? ಮುಂದಿನ ಪಂಚಮಿಗೆ ಆಗಬಹುದೇನ್ರಿ?"

"ಚೌಕಾಶಿ ಮಾಡ್ತಿದೀರಾ?" ಅಂದರು ಅವರು ಬರೆಯುತ್ತಲೇ. ಆಮೇಲೆ ಪೆನ್ನು ಇಟ್ಟು ವಿವರಿಸಿದರು. ನಮಗೆ ಆ ಅಪಘಾತ ಮುಗಿದುಹೋದ ಸಂಗತಿ. ಅವಳ ಮೈಗೆ ಅದಿನ್ನೂ ಮುಗಿದಿಲ್ಲ. ಹಾರ್ನ್ ಕೇಳಿದಾಗ ಅವಳು ಅದನ್ನು ನೆನಪಿಸಿಕೊಳ್ಳುವುದಲ್ಲ, ಮತ್ತೆ ಅದೇ ಬಸ್ಸಿನಲ್ಲಿ ಇರುತ್ತಾಳೆ. ಧೈರ್ಯಕ್ಕೂ ಇದಕ್ಕೂ ಸಂಬಂಧವಿಲ್ಲ.

"ಹಂಗಾದ್ರ ಆ ತಿರುವಿಗೆ ಹೋಗಲೇಬಾರದೇನ್ರಿ?"

"ಹೋಗ್ತಾರೆ. ಯಾವತ್ತು, ಎಷ್ಟು ದೂರ, ಎಲ್ಲಿಂದ ವಾಪಸ್ ಅನ್ನೋದನ್ನ ಅವರೇ ಹೇಳ್ತಾರೆ. ಆ ಬಸ್ಸಿನಲ್ಲಿ ಅವರ ಕೈಲಿ ಏನೂ ಇರಲಿಲ್ಲ. ನಿಮ್ಮ ಕಾರಿನಲ್ಲೂ ಇರಲಿಲ್ಲ."

ಎದ್ದು ಬಂದುಬಿಟ್ಟೆ.

ಎರಡು ವರ್ಷ ಹಿಡಿಯಿತು. ಮೊದಲು ನಿಂತ ಬಸ್ಸಿನೊಳಗೆ ಹತ್ತಿ ಇಳಿದಳಂತೆ. ಆಮೇಲೆ ಒಂದು ಸ್ಟಾಪು. ಆಮೇಲೆ ಗಂಡನ ಜೊತೆ ಬಂಡ್ರಿಯ ತನಕ. ಈಗ ಬಾಗಿಲ ಹತ್ತಿರದ ಸೀಟು ಸಿಕ್ಕರೆ ಒಬ್ಬಳೇ ಆ ತಿರುವು ದಾಟಿ ಹೊಸಪೇಟೆಗೆ ಬರುತ್ತಾಳೆ. ತನ್ನ ಓಣಿಯ ಹೆಂಗಸರ ಜೊತೆ ಹಂಪಿಗೂ ಹೋಗಿ ಬಂದಳು. ಇದರಲ್ಲಿ ನನ್ನದೇನೂ ಇಲ್ಲ, ಎಲ್ಲ ಯಾರಿಂದಲೋ ಕೇಳಿದ್ದು.

ಪಂಚಮಿಯ ದಿನ ನಾನು ಉಂಡಿಯ ಡಬ್ಬಿ ಹಿಡಿದು ಹೊಸಪೇಟೆ ಬಸ್‌ಸ್ಟ್ಯಾಂಡಿಗೆ ಹೋಗುತ್ತೇನೆ. ಅವಳು ಬರುತ್ತಾಳೆ. ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತೇವೆ. ಹೋದ ವರ್ಷ ಮೆಲ್ಲಗೆ ಮಾತು ತೆಗೆದೆ: "ಕಾರು ಹೊರಗ ಐತಿ. ಕಂಪ್ಲಿ ಹಾದಿಗೆ ಗುಡ್ಡಾನೂ ಇಲ್ಲ, ತಿರುವೂ ಇಲ್ಲ. ನಡಿ, ಉಂಡು ಬರುವಂತಿ."

ಡಬ್ಬಿಯನ್ನು ಚೀಲಕ್ಕೆ ಇಳಿಸುತ್ತಾ ಅಂದಳು: "ಬಸ್ಸಿನ ಅಂಜಿಕಿ ಮುಕ್ಕಾಲು ಹೋಗೈತಿ ಅಣ್ಣ. ನಿನ್ನ ಕಾರಿಂದು ಹಂಗ ಐತಿ."

ಸಿಟ್ಟಿನಿಂದ ಅನ್ನಲಿಲ್ಲ. ಬಟ್ಟೆಯ ಅಳತೆ ಹೇಳಿದ ಹಾಗೆ ಅಂದಳು. ಅವಳ ಬಸ್ಸು ಬಂತು, ಹತ್ತಿ ಹೋದಳು.

ಸಲಹೆ ಕೊಡುವುದು ನನ್ನ ಚಟ, ಇದನ್ನಂತೂ ತಪ್ಪದೆ ಕೇಳಿ. ನಿಮ್ಮ ಮನೆಯಲ್ಲಿ ಹೀಗೆ ಬೆಚ್ಚಿದವರಿದ್ದರೆ, ಗಾಯ ಕಾಣಲಿಲ್ಲ ಅಂತ ಏನೂ ಆಗಿಲ್ಲ ಅನ್ನಬೇಡಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಮಾನಸಿಕ ಡಾಕ್ಟರು ಯಾವ ವಾರ ಬರುತ್ತಾರೆ ಅಂತ ವಿಚಾರಿಸಿ. ತಾಯತ ಬೇಕಾದರೆ ಆಮೇಲೆ ಕಟ್ಟಿಸಿ. ಅವರು ಸುತ್ತಿನ ದಾರಿ ಕೇಳಿದರೆ ಸುತ್ತಿಯೇ ಹೋಗಿ, ಹೋಗುವುದು ಒಂದಿಷ್ಟು ಪೆಟ್ರೋಲು. ಉಪಾಯದಿಂದ, ಸುಳ್ಳು ಹೇಳಿ ಅಂಜಿಕೆಯ ಎದುರಿಗೆ ತಂದು ನಿಲ್ಲಿಸಬೇಡಿ. ಓಣಿಯವರು ಆಡಿಕೊಂಡರೆ ಆಡಿಕೊಳ್ಳಲಿ ಬಿಡಿ, ಅವರ ಬಾಯಿ ಮುಚ್ಚಿಸಲು ಇವರನ್ನು ಎಳೆದು ತರಬೇಡಿ. ನನ್ನ ಹಾಗೆ ಆಗಲೇ ಕೆಡಿಸಿಕೊಂಡಿದ್ದರೆ, ಅವರು ಎಲ್ಲಿಯ ತನಕ ಬರುತ್ತಾರೋ ಅಲ್ಲಿಗೆ ನೀವೇ ಹೋಗಿ, ಮನೆಗೆ ಬಾ ಅಂತ ಪ್ರತಿ ಸಲ ಕೇಳಬೇಡಿ. ಮತ್ತೆ, ಅವರು ನಿಮ್ಮ ಗಾಡಿ ಹತ್ತಿದ ದಿನ, ಕೀಲಿ ತಿರುಗಿಸುವ ಮೊದಲು ಅವರ ಕಡೆಯ ಬಾಗಿಲಿನ ಲಾಕ್ ತೆಗೆದು ಅವರಿಗೆ ತೋರಿಸಿ.