ಹಡಗಿನ ಎಂಜಿನ್ನಿನ ಸುತ್ತಿನ ಮೀಟರು

ಆ ಕಾಲದ ಕಂಪ್ಲಿಯಲ್ಲಿ ನಮ್ಮ ಓಣಿಯವರಿಗೆ ಗಡಿಯಾರ ಬೇಕಿರಲಿಲ್ಲ. ಊಟಕ್ಕೆ ನಿಂತ ನಮ್ಮ ಅಕ್ಕಿ ಗಿರಣಿಯ ಎಂಜಿನ್ನು ಮತ್ತೆ ಸದ್ದು ಮಾಡಿತೆಂದರೆ ಮಧ್ಯಾಹ್ನ ಮೂರು ಗಂಟೆ. ಬನ್ನಿ ಹಬ್ಬದ ಮರುದಿನ ಅದು ಕೆಡಲು ಶುರುವಾದದ್ದೂ ಆ ಮೂರಕ್ಕೇ.

ಅದು ಹಡಗಿನ ಡೀಸೆಲ್ ಎಂಜಿನ್ನು. ಮದರಾಸಿನ ಬಂದರಿನಲ್ಲಿ ಬಿಚ್ಚಿ ಹಾಕಿದ್ದನ್ನು ಅಪ್ಪ ಕೊಂಡು ಹೊಸಪೇಟೆಯವರೆಗೆ ರೈಲಿನಲ್ಲಿ, ಅಲ್ಲಿಂದ ಬಂಡಿಯಲ್ಲಿ ತರಿಸಿದ್ದರು. ಯುದ್ಧದ ದಿನಗಳು, ಹೊಸದು ಎಲ್ಲಿ ಸಿಗಬೇಕು? ನಾವು ಮಕ್ಕಳು ಹೊಟ್ಟಿನ ರಾಶಿ ಏರಿ, ಮಂಡಾಳು ಮಂಡಕ್ಕಿ ಮುಕ್ಕುತ್ತ, ಸಮುದ್ರ ಕಾಣದೆಯೇ ಹಡಗಿನ ಆಟ ಆಡುತ್ತಿದ್ದೆವು. ಕುದಿಸಿದ ಭತ್ತದ ಬಿಸಿ ವಾಸನೆಯೇ ನಮ್ಮ ಸಮುದ್ರದ ಗಾಳಿ.

ಎಂಜಿನ್ನು ನಡೆಸುತ್ತಿದ್ದವನು ಅವ್ವನ ತಮ್ಮ, ಶರಣಪ್ಪ ಮಾವ. ನಿಮಿಷಕ್ಕೆ ಎಷ್ಟು ಸುತ್ತು ಎಂದು ತೋರಿಸುವ ಮೀಟರಿನ ಮುಳ್ಳು ನೋಡಿ ಅವನು ಎಣ್ಣೆ ಹೆಚ್ಚು ಕಡಿಮೆ ಮಾಡುತ್ತಿದ್ದ. ಆ ಮಧ್ಯಾಹ್ನ ಮುಳ್ಳು ಇಳಿಯತೊಡಗಿತು.

“ಶರಣಾ, ಸುತ್ತು ಬೀಳಾಕ ಹತ್ಯಾವು, ಎಣ್ಣಿ ಬಿಡು!” ಅಪ್ಪ ಕೂಗಿದರು.

“ಬಿಟ್ಟೀನ್ರಿ ಭಾವಾ, ಏರವಲ್ದು!”

ಇನ್ನಷ್ಟು ಬಿಟ್ಟ. ಮುಳ್ಳು ಇನ್ನಷ್ಟು ಇಳಿಯಿತು. ಆದರೆ ನನ್ನ ಕಾಲಡಿಯ ನೆಲ ನಡುಗುತ್ತಿತ್ತು. ತಗಡಿನ ಚಾವಣಿಯಿಂದ ತೌಡಿನ ಧೂಳು ಉದುರಿತು. ಎಂಜಿನ್ನಿನ ಆಳೆತ್ತರದ ಗಾಲಿಯ ಅರಗಳು ಕಾಣದೆ ಬರೀ ಬೂದು ಬಣ್ಣವಾಯಿತು. ಚಹಾ ತಂದ ಅವ್ವ ಬಾಗಿಲಲ್ಲೇ ಚೀರಿದಳು: “ಲೇ ಶರಣಾ, ಮುಳ್ಳು ಬಿಟ್ಟು ಗಾಲಿ ನೋಡೋ!”

ಮಾವ ಎಣ್ಣೆಯ ಹಿಡಿಯನ್ನು ಹಿಂದಕ್ಕೆಳೆದ. ಅದು ಕಚ್ಚಿಕೊಂಡಿತ್ತು. ಇನ್ನುಳಿದದ್ದು ಎಣ್ಣೆ ತುಂಬಿದ ಟಾಕಿಯ ನಲ್ಲಿ, ಅದೂ ಗಾಲಿಯ ಆಚೆ. ಧೋತರ ಎತ್ತಿ ಕಟ್ಟಿ, ಗೋಡೆಗೂ ಗಾಲಿಗೂ ನಡುವಿನ ಸಂದಿಯಲ್ಲಿ ಮಾವ ತೆವಳಿದ. ಮುಂದೆ ಕಾಲೇಜಿನಲ್ಲಿ, ತಿರುಗುವ ಗಾಲಿ ಯಾಕೆ ಸಿಡಿಯುತ್ತದೆ ಎಂದು ಮೇಷ್ಟ್ರು ವಿವರಿಸುತ್ತಿದ್ದಾಗ ನಾನು ತರಗತಿಯಿಂದ ಎದ್ದು ಹೊರಗೆ ಬಂದಿದ್ದೆ. ಇವತ್ತಿಗೂ ಕಣ್ಣು ಮುಚ್ಚಿದರೆ ಆ ಸಂದಿಯಲ್ಲಿ ಮಾವನ ಅಂಗಾಲು ಮಾತ್ರ ಕಾಣುತ್ತದೆ.

ನಲ್ಲಿ ಮುಚ್ಚಿತು. ಎಂಜಿನ್ನು ಕೆಮ್ಮಿ ಕೆಮ್ಮಿ ನಿಂತಿತು. ಹೊರಬಂದ ತಮ್ಮನ ಕೆನ್ನೆಗೆ ಅವ್ವ ಒಂದು ಬಿಗಿದು, ಆಮೇಲೆ ಅವನನ್ನು ತಬ್ಬಿಕೊಂಡು ಅತ್ತಳು.

ಮರುದಿನ ಹುಡುಕಾಟ. ಮಾವ ಮೀಟರನ್ನು ಬಿಚ್ಚಿ ಅದರ ಕಡ್ಡಿಯನ್ನು ಕೈಯಿಂದ ರಭಸವಾಗಿ ತಿರುಗಿಸಿದ. ಮುಳ್ಳು ಸಲೀಸಾಗಿ ಏರಿತು, ಮೀಟರು ಕೆಟ್ಟಿರಲಿಲ್ಲ. ಎಂಜಿನ್ನಿನಿಂದ ಅದಕ್ಕೆ ಸುತ್ತು ಕೊಡುವ ಸಣ್ಣ ಗಾಲಿಯನ್ನೂ ಅದರ ತೊಗಲಿನ ಪಟ್ಟಿಯನ್ನೂ ಮುಟ್ಟಿದರೆ ಬೆರಳೆಲ್ಲ ಕೆಂಪು. ಆಯುಧಪೂಜೆಯ ದಿನ ಅವ್ವ ಗಿರಣಿಯ ಒಂದು ಗಾಲಿಯನ್ನೂ ಬಿಡದೆ, ಕಬ್ಬಿಣಕ್ಕೆ ಹತ್ತಲೆಂದು ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿದ್ದಳು. ಪಟ್ಟಿ ಜಾರುತ್ತಿತ್ತು, ಮೀಟರು ಕಡಿಮೆ ತೋರಿಸುತ್ತಿತ್ತು, ನಾವು ಎಣ್ಣೆ ಸುರಿಯುತ್ತಿದ್ದೆವು.

“ಯಕ್ಕಾ, ಈ ಬಟ್ಟಿನಷ್ಟು ಗಾಲಿಗೂ ಹಚ್ಚೀಯಲ್ಲ!”

“ಸಣ್ಣದಂತ ಬಿಡಾಕ ಬರ್ತದೇನು? ಬಟ್ಟಲ ಹಿಡಕೊಂಡು ಹಿಂದ ಹಿಂದ ಬಂದಾಂವ ನೀನ ಅಲ್ಲೇನು?”

ಅಪ್ಪ ಅವತ್ತು ಮೊದಲ ಸಲ ನಕ್ಕರು. ಗಾಲಿಯನ್ನು ಬೂದಿಯಿಂದ ತಿಕ್ಕಿ, ಹೊಸ ಪಟ್ಟಿ ಹಾಕಿದರು. ಆದರೂ ನಂಬಿಕೆ ಸಾಲದೆ, ಗಿರಣಿಯ ದೊಡ್ಡ ಪಟ್ಟಿಯ ತುದಿಗಳನ್ನು ಕೂಡಿಸಿದ ಜೋಡು ಟಪ್ ಟಪ್ ಎಂದು ಬಡಿಯುವುದನ್ನು ಅಪ್ಪ ಜೇಬುಗಡಿಯಾರ ಹಿಡಿದು ಎಣಿಸಿದರು. ಲೆಕ್ಕ ಮುಳ್ಳಿಗೆ ಸರಿಹೋಯಿತು.

ಎಂಜಿನ್ನು ಸರಿಯಾಯಿತು, ನಾವು ಆಗಲಿಲ್ಲ. ದಿನಾ ರಾತ್ರಿ ಪಡಸಾಲೆಯಲ್ಲಿ ಮಲಗಿದ ಮಾವನ ಉಸಿರು ನೋಡಲು ಅವ್ವ ಏಳುತ್ತಿದ್ದಳು, ಅವಳ ಬಳೆ ಸದ್ದಿಗೆ ಅಪ್ಪ, ಅಪ್ಪನ ಕೆಮ್ಮಿಗೆ ನಾನು. ಈಗ ಆ ಗಿರಣಿ ಕರೆಂಟಿನ ಮೇಲೆ ನಡೆಯುತ್ತದೆ. ಅವರ್ಯಾರೂ ಇಲ್ಲ. ಪಕ್ಕದ ಕೋಣೆಯಲ್ಲಿ ಯಾರು ನಿದ್ದೆಗೆಟ್ಟು ಕೂತಿದ್ದಾರೆಂದು ತಿಳಿಯದ ಮನೆಗಳಲ್ಲಿ ನಾವಿದ್ದೇವೆ.

ಆ ವರ್ಷ, ಬನ್ನಿ ಹಬ್ಬ ಕಳೆದು ತಿಂಗಳ ಮೇಲೆ, ಗೌರಿ ಹುಣ್ಣಿಮೆಯ ಮರುದಿನ ಹಾಲಿನಾಕೆ ಬಾಗಿಲು ಬಡಿದು ಬಡಿದು, “ಮನ್ಯಾಗ ಯಾರೂ ಇಲ್ಲೇನ್ರಿ?” ಎಂದು ಕೂಗಿದಾಗ ಬಿಸಿಲು ನಡುಮನೆಗೆ ಬಂದಿತ್ತು. ಎಲ್ಲರೂ ಇದ್ದೆವು, ಎಲ್ಲರೂ ನಿದ್ದೆಯಲ್ಲಿದ್ದೆವು.