ಅಧ್ಯಕ್ಷರ ಹೆಂಡತಿ ಅಧ್ಯಕ್ಷರಾದದ್ದು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿಕೊಂಡಿತ್ತು. ವರ್ಷಗಟ್ಟಲೆ ಕೊಬ್ಬರಿ ಸುಲಿದ ಕೈ. ಪೆನ್ನನ್ನು ಎಷ್ಟು ಒತ್ತಿ ಹಿಡಿಯುತ್ತಿದ್ದರೆಂದರೆ, ರುಜುವಿನ ಅಚ್ಚು ಕೆಳಗಿನ ಎರಡು ಹಾಳೆಗೂ ಇಳಿಯುತ್ತಿತ್ತು.

ಗಂಡಸಿ ಹೋಬಳಿಯ ನಮ್ಮ ಗ್ರಾಮ ಪಂಚಾಯಿತಿಗೆ ನಾನು ಕಂಪ್ಯೂಟರ್ ಆಪರೇಟರ್ ಆಗಿ ಸೇರಿದಾಗ ಅವರ ಯಜಮಾನರು ಅಧ್ಯಕ್ಷರು. ಊರಿಗೆಲ್ಲ ಇವರು 'ಅಧ್ಯಕ್ಷರ ಹೆಂಡತಿ'. ಮುಂದಿನ ಅವಧಿಗೆ ಸ್ಥಾನ ಮಹಿಳೆಗೆ ಮೀಸಲಾಯಿತು. ಯಜಮಾನರು ಇವರನ್ನು ನಿಲ್ಲಿಸಿ ಗೆಲ್ಲಿಸಿದರು. ಕುರ್ಚಿಯಲ್ಲಿ ಮಾತ್ರ ತಾವೇ ಕೂತರು. ಸಭೆಯ ತೀರ್ಮಾನ ಬರೆಯುವ ಪುಸ್ತಕ ಅವರ ಮನೆಗೆ ಹೋಗಿ, ಒಲೆಯ ಮುಂದೆ ರುಜು ಹಾಕಿಸಿಕೊಂಡು ವಾಪಸು ಬರುತ್ತಿತ್ತು.

ಒಂದು ಬೆಳಿಗ್ಗೆ ಅವರು ಒಬ್ಬರೇ ಆಫೀಸಿಗೆ ಬಂದರು. ಹಿಂದಿನ ದಿನ ಕಾಲೋನಿಯ ಹೆಂಗಸರು ಮನೆಗೆ ಬಂದು ಕೇಳಿದ್ದರಂತೆ: "ನಮ್ ಕೇರಿಗೆ ಬಂದಿದ್ದ ನೀರಿನ ಟ್ಯಾಂಕ್ ಬ್ಯಾಡ ಅಂತ ನೀವೇ ರುಜು ಹಾಕಿದ್ರಂತಲ್ಲಕ್ಕ?"

"ಓದವ್ವ," ಅಂದರು, ತೀರ್ಮಾನದ ಪುಸ್ತಕವನ್ನು ನನ್ನ ಮುಂದಿಟ್ಟು. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವರು ಅವರು. ನಾನು ಓದಿದೆ. ಟ್ಯಾಂಕನ್ನು ಅವರದೇ ತೆಂಗಿನ ತೋಟದ ಪಕ್ಕ ಕಟ್ಟುವ ತೀರ್ಮಾನ. ಇನ್ನೊಮ್ಮೆ ಓದಿಸಿದರು.

"ರುಜು ನಂದೇ. ಮಾತು ನಂದಲ್ಲ," ಅಂದು ಎದ್ದು ಹೋದರು.

ಮುಂದಿನ ಸಭೆಗೆ ಎಲ್ಲರಿಗಿಂತ ಮೊದಲು ಬಂದು ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದರು. ಯಜಮಾನರು ಬಾಗಿಲಲ್ಲೇ ನಿಂತುಬಿಟ್ಟರು. ಸದಸ್ಯರು ನೆಲ ನೋಡುತ್ತಿದ್ದರು.

"ರೀ, ಸಭೆ ಐತೆ. ನೀವು ಹೊರಗೆ ಕೂತ್ಕಳಿ. ಮುಗುದ್ ಮ್ಯಾಲೆ ಒಟ್ಟಿಗೇ ಊಟಕ್ಕೆ ಹೋಗಾನ."

ಮೇಜಿನ ಕೆಳಗೆ ಸೆರಗು ಹಿಂಡುತ್ತಿದ್ದ ಕೈ, ಪಕ್ಕದಲ್ಲಿದ್ದ ನನಗಷ್ಟೇ ಕಾಣುತ್ತಿತ್ತು.

ಯಜಮಾನರು ಹೊರಗೆ ಕೂರಲಿಲ್ಲ. ಬೈಕ್ ಹತ್ತಿ ಹೋದರು. ಹಳೆಯ ತೀರ್ಮಾನ ರದ್ದಾಗಿ ಟ್ಯಾಂಕ್ ಕಾಲೋನಿಗೇ ಬಂತು. ಮನೆಯಲ್ಲಿ ಮಾತ್ರ ಎಷ್ಟೋ ತಿಂಗಳು ಮಾತಿರಲಿಲ್ಲ. "ಮುದ್ದೆ ಇಕ್ತೀನಿ, ಉಣ್ತಾರೆ. ಗ್ವಾಡೆ ಜೊತೆ ಸಂಸಾರ ಮಾಡ್ದಂಗೈತೆ ಕಣವ್ವ," ಅಂದಿದ್ದರೊಮ್ಮೆ.

ಅವರ ಜೊತೆ ಕೆಲಸ ಮಾಡುವುದು ಸುಲಭವಿರಲಿಲ್ಲ. ಬೀದಿದೀಪದ ಬಲ್ಬಿನ ಕಾಗದವನ್ನೂ ಮೂರು ಸಲ ಓದಿಸುವರು. ಒಂದು ಸಾಲು ಬಿಟ್ಟು ಓದಿದೆನೆಂದು ಒಮ್ಮೆ ಎಲ್ಲರೆದುರು ಗದರಿಸಿದರು. ನಾನು ಬಿಟ್ಟಿರಲಿಲ್ಲ. ಅದು ಗೊತ್ತಾದ ಮೇಲೂ ತಪ್ಪಾಯಿತು ಅನ್ನಲಿಲ್ಲ. ಮಾರನೇ ದಿನ ಡಬ್ಬಿಯಲ್ಲಿ ಅಕ್ಕಿರೊಟ್ಟಿ ತಂದು ನನ್ನ ಮೇಜಿನ ಮೇಲಿಟ್ಟರು.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಪರೀಕ್ಷೆಗೆ ನನ್ನಿಂದ ಅರ್ಜಿ ಹಾಕಿಸಿದವರು ಅವರೇ. ಪರೀಕ್ಷೆಯ ಭಾನುವಾರವೇ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು. ಅರ್ಜಿ ಹಾಕಿಸಿದ ಇವರೇ ನಮ್ಮ ಮನೆಗೆ ಬಂದು ಅಪ್ಪನಿಗೆ ಹೇಳಿದರು: "ಗಂಡಿನೋರು ಮುಂದಿನ್ ವಾರ ಬರ್ಲಿ ಬಿಡಣ್ಣ. ಪರೀಕ್ಷೆ ಮುಂದಿನ್ ವಾರ ಬರಾಕಿಲ್ಲ." ಆ ಭಾನುವಾರ ಹಾಸನದವರೆಗೂ ಬಸ್ಸಿನಲ್ಲಿ ತಾವೇ ನನ್ನ ಜೊತೆಗೆ ಬಂದು, ಸಂಜೆಯವರೆಗೂ ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಕೂತಿದ್ದರು.

ಅವಧಿ ಮುಗಿದ ಮರುವರ್ಷ ಕಾಮಾಲೆಯಾಗಿ ತೀರಿಕೊಂಡರು. ಬಸ್ತಿಹಳ್ಳಿ ಕಡೆಯ ಪಂಚಾಯಿತಿಗೆ ನನ್ನನ್ನು ಅಭಿವೃದ್ಧಿ ಅಧಿಕಾರಿಯಾಗಿ ನೇಮಿಸಿದ ಆದೇಶ ಬಂದಾಗ ಅವರು ಹೋಗಿ ಹದಿನೈದು ದಿನವಾಗಿತ್ತು. ಹೇಳಿಬರೋಣವೆಂದು ಅವರ ಮನೆಗೇ ಹೋದೆ.

ಯಜಮಾನರು ತಾವೇ ಕಾಫಿ ಮಾಡಿ ತಂದು ಕೊಟ್ಟರು. ಎದುರಿಗೆ ಕೂತು ಅಂದರು: "ಅವತ್ತು ಸಭೇಲಿ ನಂಗೆ ಕೆಟ್ಟ ಸಿಟ್ಟು ಬಂದಿತ್ತು ಕಣವ್ವ. ಆಮ್ಯಾಕೆ ಅವಳ ಕೆಲಸ ನೋಡ್ತಾ ನೋಡ್ತಾ, ಬೀದೀಲಿ ಯಾರಾದ್ರೂ 'ಅಧ್ಯಕ್ಷರೇ' ಅಂದ್ರೆ ನಾನು ತಿರುಗಿ ನೋಡೋದ್ ಬಿಟ್ಟೆ."